ಹೆಲ್ಮೆಟ್, ಜಾಕೆಟ್, ಗ್ಲೌಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಾದರೂ ಹೊಸ ಬೈಕ್ ತಗೊಂಡರೆ ನನಗೊಂದು ಮೆಸೇಜ್ ಬರುತ್ತದೆ: ಹೆಲ್ಮೆಟ್ ಯಾವುದು ತಗೊಳ್ಳಲಿ? ಉತ್ತರ ಬರೆದು ಕಳಿಸಿದ ಮಾರನೇ ದಿನ ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಹದಿನಾರು ವರ್ಷದಿಂದ ಬೆಂಗಳೂರಿನಲ್ಲಿ ದಿನಾ ಬೈಕ್ ಓಡಿಸುತ್ತಿದ್ದೇನೆ, ರಜೆ ಸಿಕ್ಕರೆ ಮಲೆನಾಡಿನ ಕಡೆ ಹೊರಡುತ್ತೇನೆ, ಎರಡು ಸಲ ಬಿದ್ದಿದ್ದೇನೆ. ನಾನು ಯಾವ ಕಂಪನಿಯವನೂ ಅಲ್ಲ, ಅಂಗಡಿಯವನೂ ಅಲ್ಲ. ಜನ ಕೇಳಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಸೈಜ್ ಮತ್ತು ಸ್ಟ್ರಾಪ್ ಬಗ್ಗೆ ಬರೆದದ್ದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಸುತ್ತಿ ಬಳಸಿ ಬೇಡ, ಯಾವ ಹೆಲ್ಮೆಟ್ ತಗೊಳ್ಳಲಿ ಹೇಳಿ.

ತಲೆಗೆ ಬಿಗಿಯಾಗಿ ಕೂರಬೇಕು, ಐಎಸ್‌ಐ ಗುರುತು ಇರಬೇಕು, ಗದ್ದ ಮುಚ್ಚಬೇಕು. ಈ ಮೂರೂ ಇದ್ದರೆ ಯಾವ ಕಂಪನಿಯದ್ದಾದರೂ ಸರಿ. ಬಣ್ಣ, ಗ್ರಾಫಿಕ್ಸ್, ಹಿಂದೆ ಬಾಲದ ಹಾಗೆ ಎದ್ದಿರುವ ಸ್ಪಾಯ್ಲರ್, ಇವೆಲ್ಲ ಆಮೇಲಿನ ಮಾತು. ಮೂರರಲ್ಲಿ ಜನ ಜಾಸ್ತಿ ತಪ್ಪುವುದು ಮೊದಲನೆಯದರಲ್ಲಿ.

ನಾನು 40ರ ಮೇಲೆ ಹೋಗುವುದೇ ಇಲ್ಲ, ಅದೂ ಇಲ್ಲೇ ಪಕ್ಕದ ಅಂಗಡಿಗೆ. ಅದಕ್ಕೂ ಹೆಲ್ಮೆಟ್ ಬೇಕಾ?

ಬೇಕು. ಬೈಕ್ ಮೇಲೆ ಕೂತಾಗ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಬೈಕ್ ನಿಂತೇ ಇರಲಿ, ಅಷ್ಟು ಎತ್ತರದಿಂದ ತಲೆ ಸೀದಾ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ 20 ಕಿಲೋಮೀಟರ್ ಹತ್ತಿರ ಬಂದಿರುತ್ತದೆ. ಇನ್ನು 40ರ ವೇಗದಲ್ಲಿ ಕಾಂಪೌಂಡ್ ಗೋಡೆಗೋ ಲಾರಿಯ ಹಿಂಬದಿಗೋ ತಲೆ ಬಡಿಯಿತು ಎಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ ತಲೆಕೆಳಗಾಗಿ ಬಿದ್ದ ಲೆಕ್ಕ.

ನಾನು ಮೊದಲ ಸಲ ಬಿದ್ದದ್ದು ಹೈವೇಯಲ್ಲಲ್ಲ. ಮನೆಯಿಂದ ಎಂಟುನೂರು ಮೀಟರ್ ದೂರ, ಬೆಳಿಗ್ಗೆ ಆರೂವರೆ, ಹಾಲು ತರಲು ಹೊರಟಿದ್ದೆ. ಹೊಸ ಮನೆ ಕಟ್ಟಿಸುತ್ತಿದ್ದವರು ತಿರುವಿನಲ್ಲೇ ಎಂ-ಸ್ಯಾಂಡ್ ಸುರಿಸಿದ್ದರು. ವೇಗ 25 ಇದ್ದಿರಬೇಕು. ಮುಂದಿನ ಚಕ್ರ ಜಾರಿತು, ಕೈ ಬ್ರೇಕಿಗೆ ಹೋಗುವಷ್ಟೂ ಸಮಯ ಸಿಗಲಿಲ್ಲ, ಬಲಗಡೆಗೆ ಬಿದ್ದೆ. ಆ ಹೆಲ್ಮೆಟ್ ಇನ್ನೂ ನನ್ನ ಹತ್ತಿರ ಇದೆ. ಗದ್ದದ ಬಲಭಾಗದಲ್ಲಿ ನಾಲ್ಕು ಬೆರಳಗಲ ಬಣ್ಣ ಕಿತ್ತುಹೋಗಿ ಬೂದು ಪ್ಲಾಸ್ಟಿಕ್ ಕಾಣುತ್ತದೆ, ಉಗುರಿನಿಂದ ಕೆರೆದರೆ ಮರಳಿನ ಕಣ ಇವತ್ತಿಗೂ ಕೈಗೆ ಹತ್ತುತ್ತದೆ. ಆ ಪ್ಲಾಸ್ಟಿಕ್ ಇಲ್ಲದಿದ್ದರೆ ಅಲ್ಲಿ ಉಜ್ಜಿಕೊಂಡು ಹೋಗುತ್ತಿದ್ದದ್ದು ನನ್ನ ದವಡೆ.

ಹೆಲ್ಮೆಟ್ ಹಾಕಿಯೂ ಸಾಯುತ್ತಾರಲ್ಲ, ಮತ್ತೆ ಏನು ಉಪಯೋಗ?

ಸಾಯುತ್ತಾರೆ, ಸುಳ್ಳಲ್ಲ. ಎದೆಗೆ, ಹೊಟ್ಟೆಗೆ ಪೆಟ್ಟಾದರೆ ಹೆಲ್ಮೆಟ್ ಏನು ಮಾಡೀತು? ಆದರೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆ ಹೇಳುವುದು ಇಷ್ಟು: ಹೆಲ್ಮೆಟ್ ಹಾಕಿದರೆ ಸಾವಿನ ಅಪಾಯ ಸುಮಾರು 42 ಶೇಕಡ, ತಲೆಗೆ ಪೆಟ್ಟಾಗುವ ಅಪಾಯ ಸುಮಾರು 69 ಶೇಕಡ ಕಡಿಮೆಯಾಗುತ್ತದೆ. ನಮ್ಮ ದೇಶದ ಲೆಕ್ಕ ಬೇಕಾ? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಜನ. ಒಂದೇ ವರ್ಷದಲ್ಲಿ.

ಹಾಫ್ ಹೆಲ್ಮೆಟ್ ಹಗುರ, ಗಾಳಿಯೂ ಆಡುತ್ತದೆ. ಅದು ಆಗಲ್ವಾ?

ಆಗುವುದಿಲ್ಲ. ತೆಂಗಿನ ಚಿಪ್ಪಿನ ಹಾಗೆ ನೆತ್ತಿಯ ಮೇಲೆ ಕೂರುವ ಟೋಪಿ ಹೆಲ್ಮೆಟ್ ಕಿವಿಯನ್ನೂ ಮುಚ್ಚುವುದಿಲ್ಲ, ತಲೆಯ ಹಿಂಭಾಗವನ್ನೂ ಮುಚ್ಚುವುದಿಲ್ಲ. ಇಂಥ ಎಷ್ಟೋ ಹೆಲ್ಮೆಟ್‌ಗಳ ಒಳಗೆ ಥರ್ಮಾಕೋಲೇ ಇರುವುದಿಲ್ಲ, ತೆಳ್ಳಗಿನ ಸ್ಪಂಜು ಅಂಟಿಸಿರುತ್ತಾರೆ. 2018ರ ಶುರುವಿನಲ್ಲಿ ಮೈಸೂರು ಪೊಲೀಸರು ಇಂಥ ಹೆಲ್ಮೆಟ್ ಹಾಕಿದವರನ್ನು ಹಿಡಿಯಲು ಹೊರಟಾಗ ಜನ ಬೈದುಕೊಂಡರು. ನನಗಂತೂ ಅದು ಸರಿ ಅನಿಸಿತ್ತು. ತಲೆ ಕಾಯದ ಹೆಲ್ಮೆಟ್‌ಗೆ ದುಡ್ಡು ಕೊಟ್ಟವರು ಮೋಸ ಹೋದವರು, ಅಲ್ವಾ?

ಕಿವಿ ಮುಚ್ಚುವ, ಮುಖ ತೆರೆದಿರುವ ಓಪನ್ ಫೇಸ್ ಇದಕ್ಕಿಂತ ಎಷ್ಟೋ ವಾಸಿ. ಆದರೂ ಗದ್ದ ಖಾಲಿ. ಗದ್ದದ ಭಾಗ ಮೇಲಕ್ಕೆತ್ತಬಹುದಾದ ಮಾಡ್ಯುಲರ್ ಹೆಲ್ಮೆಟ್ ಕನ್ನಡಕದವರಿಗೆ ಒಳ್ಳೆಯದು, ಸ್ವಲ್ಪ ಭಾರ. ಅದನ್ನು ಎತ್ತಿಕೊಂಡೇ ಓಡಿಸುವುದಾದರೆ ತಗೊಂಡು ಪ್ರಯೋಜನ ಇಲ್ಲ. ಮುಂದೆ ಚಾಚಿದ ಪೀಕ್ ಇರುವ ಅಡ್ವೆಂಚರ್ ಹೆಲ್ಮೆಟ್ ನೋಡಲು ಚೆನ್ನ, ಹೈವೇಯಲ್ಲಿ ವೇಗ ಏರಿದರೆ ಗಾಳಿ ಅದನ್ನು ಹಿಡಿದು ಕತ್ತನ್ನು ಹಿಂದಕ್ಕೆ ಎಳೆಯುತ್ತದೆ. ದಿನಾ ಆಫೀಸಿಗೆ, ಆಗೊಮ್ಮೆ ಈಗೊಮ್ಮೆ ಊರಿಗೆ ಹೋಗುವವರಿಗೆ ಗದ್ದ ಸೇರಿ ಮುಖ ಪೂರ್ತಿ ಮುಚ್ಚುವ ಸಾದಾ ಫುಲ್ ಫೇಸ್ ಸಾಕು.

ಐಎಸ್‌ಐ ಸ್ಟಿಕ್ಕರ್ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ?

ಗುರುತಿನ ಮೇಲೆ ಐಎಸ್ 4151 ಎಂದು ಇರಬೇಕು. ಅದು ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ನಮ್ಮ ದೇಶದ ಮಾನದಂಡ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಫೋನಿನಲ್ಲಿ ಬಿಐಎಸ್ (ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ) ಕೇರ್ ಆ್ಯಪ್ ಹಾಕಿಕೊಂಡು ಆ ನಂಬರ್ ಹೊಡೆದರೆ ಲೈಸೆನ್ಸ್ ಯಾವ ಕಂಪನಿಯದ್ದು, ಈಗ ಚಾಲ್ತಿಯಲ್ಲಿದೆಯಾ ಎಂದು ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ಎರಡು ನಿಮಿಷದಲ್ಲಿ ನೋಡಬಹುದು. ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ಬೈಕ್ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನು ಪ್ರಕಾರ ತಪ್ಪು. ಆದರೂ ರಿಂಗ್ ರೋಡ್ ಪಕ್ಕ ಹಗ್ಗಕ್ಕೆ ಸಾಲಾಗಿ ನೇತುಹಾಕಿ ಮುನ್ನೂರು ರೂಪಾಯಿಗೆ ಮಾರುತ್ತಲೇ ಇದ್ದಾರೆ. ಅಲ್ಲಿ ಒಂದನ್ನು ಎತ್ತಿ ನೋಡಿ. ಎರಡೂ ಕೆನ್ನೆಯ ಕಡೆಯಿಂದ ಒತ್ತಿದರೆ ಬಕೆಟ್ ಹಾಗೆ ಬಾಗುತ್ತದೆ. ಒಳಗಿನ ಬಟ್ಟೆ ಸರಿಸಿದರೆ ಥರ್ಮಾಕೋಲ್ ಬದಲು ಪ್ಯಾಕಿಂಗ್ ಸ್ಪಂಜು ಸಿಗುತ್ತದೆ. ಸ್ಟಿಕ್ಕರ್ ಮಾತ್ರ ಬಹಳ ಚೆನ್ನಾಗಿ ಪ್ರಿಂಟ್ ಆಗಿರುತ್ತದೆ.

ಎಷ್ಟು ದುಡ್ಡು ಹಾಕಬೇಕು?

ಸುಮಾರು 1,200ರಿಂದ 2,500 ರೂಪಾಯಿ ಒಳಗೆ ದೇಶದಲ್ಲೇ ತಯಾರಾದ ಒಳ್ಳೆಯ ಫುಲ್ ಫೇಸ್ ಸಿಗುತ್ತದೆ. ವೇಗಾ ನಮ್ಮ ಬೆಳಗಾವಿಯ ಕಂಪನಿ, ಆಕ್ಸರ್ ಕೂಡ ಅವರದ್ದೇ. ಫರೀದಾಬಾದಿನ ಸ್ಟಡ್ಸ್‌ನವರೇ ಎಸ್‌ಎಂಕೆ ಮಾಡುವುದು. ಸ್ಟೀಲ್‌ಬರ್ಡ್ ಇದೆ. ಮೇಲೆ ಹೋಗುತ್ತಾ ಹೋದರೆ ಎಲ್‌ಎಸ್2, ಎಂಟಿ, ಇನ್ನೂ ಮೇಲೆ ಎಚ್‌ಜೆಸಿ, ಎಜಿವಿ.

ದುಡ್ಡು ಜಾಸ್ತಿ ಕೊಟ್ಟ ಹಾಗೆ ಸಿಗುವುದು ಮುಖ್ಯವಾಗಿ ಕಡಿಮೆ ತೂಕ, ಕಡಿಮೆ ಸದ್ದು, ಒಳ್ಳೆಯ ವೈಸರ್ (ಕಣ್ಣ ಮುಂದಿನ ಪಾರದರ್ಶಕ ಮುಚ್ಚಳ), ಬಿಚ್ಚಿ ತೊಳೆಯಬಹುದಾದ ಒಳಬಟ್ಟೆ. ಹತ್ತು ಪಟ್ಟು ಬೆಲೆ ಕೊಟ್ಟರೆ ಹತ್ತು ಪಟ್ಟು ರಕ್ಷಣೆ ಸಿಗುವುದಿಲ್ಲ. ಆದರೆ ಮುನ್ನೂರರದ್ದಕ್ಕೂ ಸಾವಿರದ ಇನ್ನೂರರದ್ದಕ್ಕೂ ಇರುವ ವ್ಯತ್ಯಾಸ ಅಷ್ಟಿಷ್ಟಲ್ಲ. ನಿಮ್ಮ ಹತ್ತಿರ ಒಟ್ಟು ಮೂರು ಸಾವಿರ ಇದ್ದರೆ ನಿಮಗೊಂದು, ಹಿಂದೆ ಕೂರುವವರಿಗೊಂದು ಸಾವಿರದೈನೂರರ ಹಾಗೆ ಎರಡು ತಗೊಳ್ಳಿ. ಅದನ್ನು ಬಿಟ್ಟು ನಿಮಗೊಬ್ಬರಿಗೇ ಮೂರು ಸಾವಿರದ್ದು ತಗೊಂಡು ಅವರಿಗೆ ಟೋಪಿ ಕೊಡಬೇಡಿ.

ಇಸಿಇ, ಡಾಟ್ ಅಂತ ಬರೆದಿರುತ್ತದಲ್ಲ, ಅವು ಐಎಸ್‌ಐಗಿಂತ ಮೇಲಾ?

ಇಸಿಇ ಯುರೋಪಿನ ಕಡೆಯ ಮಾನದಂಡ, ಡಾಟ್ ಅಮೆರಿಕದ್ದು. ಈಗಿನ ಇಸಿಇ 22.06 ನಿಜಕ್ಕೂ ಕಠಿಣ ಪರೀಕ್ಷೆ. ತಲೆ ಓರೆಯಾಗಿ ನೆಲಕ್ಕೆ ಉಜ್ಜಿ ಗಿರ್ರನೆ ತಿರುಗುವ ಹೊಡೆತವನ್ನೂ ಅದರಲ್ಲಿ ನೋಡುತ್ತಾರೆ, ಮಿದುಳಿಗೆ ಆ ತಿರುಗುವಿಕೆ ಬಹಳ ಕೆಟ್ಟದ್ದು. ಡಾಟ್‌ನಲ್ಲಿ ತಯಾರಕರೇ ನಮ್ಮದು ಸರಿ ಇದೆ ಎಂದು ಘೋಷಿಸಿಕೊಳ್ಳುತ್ತಾರೆ, ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ತಂದು ಪರೀಕ್ಷೆ ಮಾಡುತ್ತದೆ. ಹಾಗಾಗಿ ಗೊತ್ತಿಲ್ಲದ ಕಂಪನಿಯ ಡಾಟ್ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ನಮ್ಮ ರಸ್ತೆಗೆ ಐಎಸ್‌ಐ ಕಡ್ಡಾಯ. ಐಎಸ್‌ಐ ಜೊತೆಗೆ ಇಸಿಇ ಕೂಡ ಇರುವ ಹೆಲ್ಮೆಟ್ ನಿಮ್ಮ ಬಜೆಟ್ಟಿಗೆ ಬಂದರೆ ಯೋಚನೆ ಮಾಡದೆ ತಗೊಳ್ಳಿ. ಇಂಗ್ಲೆಂಡಿನ ಶಾರ್ಪ್ ಎಂಬ ಸರ್ಕಾರಿ ಯೋಜನೆ ಹೆಲ್ಮೆಟ್‌ಗಳಿಗೆ ಒಂದರಿಂದ ಐದು ಸ್ಟಾರ್ ಕೊಡುತ್ತದೆ, ದುಬಾರಿಯದ್ದು ಕೊಳ್ಳುವವರು ಒಮ್ಮೆ ಅಲ್ಲಿ ನೋಡಿ.

ಸೈಜ್ ಹೇಗೆ ನೋಡುವುದು? ನಾನು ಯಾವಾಗಲೂ ಎಲ್ ತಗೊಳ್ಳುವುದು.

ಷರಟಿನ ಸೈಜಿಗೂ ತಲೆಯ ಸೈಜಿಗೂ ಸಂಬಂಧ ಇಲ್ಲ. ಟೈಲರ್ ಟೇಪ್ ತಗೊಂಡು ಹುಬ್ಬಿನಿಂದ ಒಂದು ಇಂಚು ಮೇಲೆ, ಕಿವಿಗಳ ಮೇಲಿಂದ, ತಲೆಯ ಹಿಂದೆ ಉಬ್ಬಿರುವ ಜಾಗ ಸೇರಿಸಿ ಸುತ್ತಳತೆ ತೆಗೆಯಿರಿ. ಮೂರು ಸಲ ತೆಗೆದು ದೊಡ್ಡದನ್ನು ಹಿಡಿಯಿರಿ. ಆಮೇಲೆ ಆ ಕಂಪನಿಯದ್ದೇ ಚಾರ್ಟ್ ನೋಡಿ, ಒಬ್ಬರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ.

ಅಳತೆ ಬರೀ ಶುರು. ಹಾಕಿ ನೋಡದೆ ಕೊಳ್ಳಬೇಡಿ. ಹಾಕುವಾಗ ಎರಡೂ ಸ್ಟ್ರಾಪ್ ಹಿಡಿದು ಅಗಲಿಸಿ ಎಳೆಯಬೇಕು, ಕಿವಿ ಮಡಚಿಕೊಂಡು ಒಳಗೆ ಹೋಗುವಷ್ಟು ಬಿಗಿ ಇರಬೇಕು. ಹಾಕಿದ ಮೇಲೆ ಕೆನ್ನೆ ಒತ್ತಿ ಬಾಯಿ ಸ್ವಲ್ಪ ಮೀನಿನ ಬಾಯಿ ಹಾಗೆ ಆಗುತ್ತದೆ. ಮಾತಾಡಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ಸಿಗುತ್ತದೆ. ಹೊಸದರಲ್ಲಿ ಹಾಗೇ ಇರಬೇಕು. ಈಗ ಹೆಲ್ಮೆಟನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ಹೆಲ್ಮೆಟ್ ಜೊತೆ ಮುಖದ ಚರ್ಮವೂ ಎಳೆದುಕೊಂಡು ಬಂದರೆ ಸರಿ, ಹೆಲ್ಮೆಟ್ ಮಾತ್ರ ತಿರುಗಿ ನಿಮ್ಮ ಮೂಗು ಒಳಗೇ ಉಳಿದರೆ ದೊಡ್ಡದಾಯಿತು. ಕೊನೆಗೆ ಸ್ಟ್ರಾಪ್ ಹಾಕಿ, ತಲೆ ಬಗ್ಗಿಸಿ, ಹೆಲ್ಮೆಟ್‌ನ ಹಿಂದಿನ ಅಂಚು ಹಿಡಿದು ಮುಂದಕ್ಕೆ ಉರುಳಿಸಲು ನೋಡಿ. ಕಳಚಿ ಬಂದರೆ ಅಲ್ಲೇ ವಾಪಸ್ ಇಡಿ.

ಇಷ್ಟೂ ಆದ ಮೇಲೆ ಅಂಗಡಿಯಲ್ಲಿ ಅದನ್ನು ಹಾಕಿಕೊಂಡೇ ಇಪ್ಪತ್ತು ನಿಮಿಷ ಇರಿ. ಹಣೆಯ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವು ಬಂದು, ತೆಗೆದಾಗ ಅಲ್ಲಿ ಕೆಂಪು ಗುರುತು ಬಿದ್ದಿದ್ದರೆ ಆ ಹೆಲ್ಮೆಟ್‌ನ ಆಕಾರ ನಿಮ್ಮ ತಲೆಗೆ ಹೊಂದುವುದಿಲ್ಲ. ಕೆಲವರದ್ದು ದುಂಡು ತಲೆ, ಕೆಲವರದ್ದು ಉದ್ದ. ದೊಡ್ಡ ಸೈಜ್ ತಗೊಂಡರೆ ಸರಿಹೋಗುವುದಿಲ್ಲ, ಬೇರೆ ಮಾಡೆಲ್ ನೋಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಬೆಳಿಗ್ಗೆ ಪೂರ್ತಿ ಸುತ್ತಿದರೆ ಐದಾರು ಕಂಪನಿಯದ್ದು ಹಾಕಿ ನೋಡಬಹುದು. ಭಾನುವಾರ ಬೇಡ, ವಾರದ ದಿನ ಹೋಗಿ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್" ಎಂದು ಅಂಗಡಿಯವರು ಹೇಳುವುದು ಅರ್ಧ ನಿಜ: ಕೆನ್ನೆಯ ಸ್ಪಂಜು ಸ್ವಲ್ಪ ಕೂರುತ್ತದೆ, ಥರ್ಮಾಕೋಲ್ ಕೂರುವುದಿಲ್ಲ. ಅಂದರೆ ಕೆನ್ನೆ ಬಿಗಿ ಇದ್ದರೆ ಪರವಾಗಿಲ್ಲ, ಹಣೆ ನೋವು ಇದ್ದರೆ ಹೋಗುವುದಿಲ್ಲ.

ಸ್ಟ್ರಾಪ್ ಹಾಕಲೇಬೇಕಾ? ಪೊಲೀಸರಿಗೆ ಕಾಣುವುದು ಹೆಲ್ಮೆಟ್ ಮಾತ್ರ.

ಈ ಪ್ರಶ್ನೆ ಕೇಳಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಒಂದು ಸಂಜೆ ಸಿಗ್ನಲ್ಲಿನಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗನ ಸ್ಟ್ರಾಪ್ ಎರಡೂ ಕಡೆ ನೇತಾಡುತ್ತಿತ್ತು, ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಹಸಿರು ಬಿತ್ತು. ಮುಂದಿನ ಸರ್ಕಲ್ಲಿನಲ್ಲಿ ಆಟೋ ಅಡ್ಡ ಬಂದು ಅವನು ಬಿದ್ದ. ಹೆಲ್ಮೆಟ್ ಮೊದಲು ಹೋಯಿತು, ಉರುಳುತ್ತಾ ಡಿವೈಡರ್ ಹತ್ತಿರ ನಿಂತಿತು. ತಲೆ ಆಮೇಲೆ ನೆಲಕ್ಕೆ ತಾಗಿತು. ಹುಡುಗ ಬದುಕಿಕೊಂಡ, ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಅವನ ಹೆಲ್ಮೆಟ್ ಮೇಲೆ ಒಂದು ಗೀರೂ ಇರಲಿಲ್ಲ. ಒಂದು ಮಾತು ಹೇಳಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಅಂದಿನಿಂದ ಸಿಗ್ನಲ್ಲಿನಲ್ಲಿ ಯಾರದಾದರೂ ಸ್ಟ್ರಾಪ್ ನೇತಾಡುತ್ತಿದ್ದರೆ ಹೇಳಿಬಿಡುತ್ತೇನೆ. ಕೆಲವರು ಥ್ಯಾಂಕ್ಸ್ ಅನ್ನುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ.

ಗದ್ದದ ಕೆಳಗೆ ಒಂದೋ ಎರಡೋ ಬೆರಳು ತೂರುವಷ್ಟು ಜಾಗ ಬಿಟ್ಟು ಬಿಗಿ ಮಾಡಿ. ಟಕ್ ಎಂದು ಸಿಕ್ಕಿಸುವ ಬಕಲ್ ಆಗಲಿ, ಎರಡು ಉಂಗುರಗಳ ಡಬಲ್ ಡಿ ಆಗಲಿ, ಸರಿಯಾಗಿ ಹಾಕಿದರೆ ಎರಡೂ ಒಳ್ಳೆಯವು. ಪ್ಲಾಸ್ಟಿಕ್ ಬಕಲ್ ಸವೆದು ತಾನಾಗಿ ಬಿಚ್ಚಿಕೊಳ್ಳಲು ಶುರುವಾದರೆ ಆ ವಾರವೇ ಬದಲಾಯಿಸಿ.

ಒಳಗಿನ ಥರ್ಮಾಕೋಲ್ ಏನು ಮಾಡುತ್ತದೆ? ಗಟ್ಟಿ ಪ್ಲಾಸ್ಟಿಕ್ ಇದ್ದರೆ ಸಾಲದಾ?

ಜೀವ ಉಳಿಸುವುದೇ ಥರ್ಮಾಕೋಲ್. ಹೊರಗಿನ ಚಿಪ್ಪು ಹೊಡೆತವನ್ನು ಅಗಲಕ್ಕೆ ಹಂಚುತ್ತದೆ, ಚೂಪಾದದ್ದು ಒಳಗೆ ನುಗ್ಗದ ಹಾಗೆ ತಡೆಯುತ್ತದೆ. ಒಳಗಿನ ಥರ್ಮಾಕೋಲ್ ಜಜ್ಜಿಹೋಗುತ್ತಾ ತಲೆ ನಿಲ್ಲುವುದಕ್ಕೆ ಒಂದಿಷ್ಟು ಜಾಗ, ಒಂದಿಷ್ಟು ಸಮಯ ಕೊಡುತ್ತದೆ. ತಲೆ ತಟ್ಟನೆ ನಿಂತರೆ ಮಿದುಳು ಒಳಗೆ ತಲೆಬುರುಡೆಗೆ ಬಡಿಯುತ್ತದೆ. ಆ ಎರಡು ಮೂರು ಸೆಂಟಿಮೀಟರ್‌ನಲ್ಲೇ ಎಲ್ಲ ಇರುವುದು.

ಒಮ್ಮೆ ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ. ಅದಕ್ಕೇ ತಲೆ ಒಳಗಿದ್ದಾಗ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು. ಕೈಜಾರಿ ಖಾಲಿ ಹೆಲ್ಮೆಟ್ ಬಿದ್ದರೆ ಅಷ್ಟು ಹೆದರಬೇಕಿಲ್ಲ, ಒಳಬಟ್ಟೆ ತೆಗೆದು ಬಿರುಕು ಇದೆಯಾ ನೋಡಿ. ಏನೂ ಆಗದಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಬೆವರು, ಎಣ್ಣೆ, ಬಿಸಿಲು ಎಲ್ಲ ಸೇರಿ ಅದು ಹಳತಾಗುತ್ತದೆ.

ಒಂದು ಕೆಟ್ಟ ಅಭ್ಯಾಸ ಬಿಡಿ: ಹೆಲ್ಮೆಟನ್ನು ಕನ್ನಡಿಗೆ ಸಿಕ್ಕಿಸಿ ನೇತುಹಾಕುವುದು. ಕನ್ನಡಿಯ ತುದಿ ಥರ್ಮಾಕೋಲನ್ನು ನೆತ್ತಿಯ ಜಾಗದಲ್ಲೇ ಒತ್ತಿ ಗುಂಡಿ ಮಾಡುತ್ತದೆ. ಚಿಪ್ಪನ್ನು ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ, ಪ್ಲಾಸ್ಟಿಕ್ ಒಳಗೊಳಗೇ ಪೆಡಸಾಗುತ್ತದೆ. ಮಕ್ಕಳ ಶಾಂಪೂ, ನೀರು, ಮೆತ್ತನೆ ಬಟ್ಟೆ ಸಾಕು.

ಹೆಲ್ಮೆಟ್ ಹಾಕಿದರೆ ಕೂದಲು ಉದುರುತ್ತದಂತೆ?

ಹೆಲ್ಮೆಟ್‌ನಿಂದ ಬೋಳು ತಲೆ ಆಗುವುದಿಲ್ಲ. ಬೆವರು ಒಣಗದೆ, ಒಳಬಟ್ಟೆ ತೊಳೆಯದೆ ಇದ್ದರೆ ಹೊಟ್ಟು, ಕೆರೆತ ಬರುತ್ತದೆ. ತೆಳ್ಳಗಿನ ಹತ್ತಿ ಬಟ್ಟೆಯನ್ನೋ ಬಲಾಕ್ಲಾವಾವನ್ನೋ (ತಲೆ, ಮುಖ ಮುಚ್ಚುವ ಬಟ್ಟೆಯ ಮುಸುಕು) ಒಳಗೆ ಹಾಕಿಕೊಳ್ಳಿ, ದಿನಾ ಒಗೆಯಿರಿ. ಒಳಬಟ್ಟೆ ಬಿಚ್ಚುವಂತಿದ್ದರೆ ಹದಿನೈದು ದಿನಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿ. ದಪ್ಪ ಟವೆಲ್ ಸುತ್ತಿ ಅದರ ಮೇಲೆ ಹೆಲ್ಮೆಟ್ ಹಾಕಬೇಡಿ, ಫಿಟ್ಟಿಂಗ್ ಪೂರ್ತಿ ಹಾಳು.

ಕನ್ನಡಕ ಹಾಕುತ್ತೇನೆ, ಏನು ಮಾಡಲಿ?

ಕನ್ನಡಕ ತಗೊಂಡು ಅಂಗಡಿಗೆ ಹೋಗಿ. ಹೆಲ್ಮೆಟ್ ಹಾಕಿದ ಮೇಲೆ ಕನ್ನಡಕ ತೂರಿಸಿದರೆ ಕಡ್ಡಿ ನೆಟ್ಟಗೆ ಕಿವಿಯ ಮೇಲೆ ಕೂರಬೇಕು, ಕಣತಲೆಗೆ ಒತ್ತಬಾರದು. ಕೆಲವು ಮಾಡೆಲ್‌ಗಳ ಕೆನ್ನೆಯ ಪ್ಯಾಡಿನಲ್ಲಿ ಅದಕ್ಕೆಂದೇ ಸಂದು ಬಿಟ್ಟಿರುತ್ತಾರೆ. ತೆಳು, ನೇರ ಕಡ್ಡಿಯ ಫ್ರೇಮ್ ಸುಲಭ.

ಮಳೆಯಲ್ಲಿ, ಮಂಜಿನಲ್ಲಿ ವೈಸರ್ ಮಸುಕಾಗುತ್ತದೆ.

ಆಗುಂಬೆ, ಚಾರ್ಮಾಡಿ, ಮಡಿಕೇರಿ ಕಡೆ ಮಳೆಗಾಲದಲ್ಲಿ ಹೋದವರಿಗೆಲ್ಲ ಇದು ಗೊತ್ತು. ನಿಮ್ಮ ಉಸಿರೇ ತಣ್ಣಗಿನ ವೈಸರ್‌ಗೆ ತಾಗಿ ಹನಿಗಟ್ಟುತ್ತದೆ. ಪಿನ್‌ಲಾಕ್ ಎಂಬ ಎರಡನೇ ಪದರ ಹಾಕಿದರೆ ನಡುವೆ ಗಾಳಿ ನಿಂತು ಒಳಪದರ ತಣ್ಣಗಾಗುವುದಿಲ್ಲ, ಮಸುಕೂ ಆಗುವುದಿಲ್ಲ. ಹೆಲ್ಮೆಟ್ ಕೊಳ್ಳುವಾಗಲೇ ವೈಸರ್‌ಗೆ ಅದರ ಪಿನ್ ಇದೆಯಾ ಕೇಳಿ. ಇಲ್ಲದಿದ್ದರೆ ಗದ್ದದ ಗಾಳಿಕಿಂಡಿ ತೆಗೆದು, ವೈಸರ್ ಒಂದು ಕೂದಲೆಳೆ ಎತ್ತಿ ಓಡಿಸಿ.

ರಾತ್ರಿ ಕಪ್ಪು ವೈಸರ್ ಬೇಡವೇ ಬೇಡ. ರೇನ್‌ಬೋ ವೈಸರ್ ಹಾಕಿಕೊಂಡು ಸಂಜೆ ಏಳರ ಮೇಲೆ ಓಡಿಸುವವರಿಗೆ ಹಂಪ್ ಎಲ್ಲಿದೆ, ಹಸು ಎಲ್ಲಿದೆ ಕಾಣುವುದಿಲ್ಲ. ಗೀರು ಬಿದ್ದ ವೈಸರ್ ಎದುರಿನ ಹೆಡ್‌ಲೈಟಿಗೆ ಪೂರ್ತಿ ಬೆಳ್ಳಗಾಗುತ್ತದೆ. ಹೊಸ ವೈಸರ್‌ಗೆ ಕೆಲವು ನೂರು ರೂಪಾಯಿ ಅಷ್ಟೇ.

ಹಿಂದೆ ಕೂರುವವರಿಗೂ ಬೇಕಾ? ನಮ್ಮ ಮನೆಯವರು ಹೂವು ಮುಡಿಯುತ್ತಾರೆ, ಜಡೆ ಇದೆ.

ಬೇಕು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ. ಮೇಲೆ ಹೇಳಿದ 50,029ರಲ್ಲಿ 14,337 ಜನ ಹಿಂದೆ ಕೂತವರು. ಅವರಿಗೆ ಹಿಡಿಯಲು ಹ್ಯಾಂಡಲ್ ಇಲ್ಲ, ಗುಂಡಿ ಬರುವುದು ಕಾಣುವುದಿಲ್ಲ, ಒಂದು ಕಡೆ ಕಾಲು ಹಾಕಿ ಕೂತಿದ್ದರೆ ಆಯವೂ ಇಲ್ಲ. ಮಡಿಲಲ್ಲಿ ಮಗು ಬೇರೆ ಇರುತ್ತದೆ.

ಜಡೆಗೆ ತೊಂದರೆ ಇಲ್ಲ, ಕುತ್ತಿಗೆಯ ಹತ್ತಿರ ಸಡಿಲವಾಗಿ ಕಟ್ಟಿದರೆ ಹೆಲ್ಮೆಟ್ ಕೆಳಗಿನಿಂದ ಬರುತ್ತದೆ. ಮೇಲೆತ್ತಿ ಕಟ್ಟಿದ ತುರುಬು ಆಗುವುದಿಲ್ಲ, ಹೆಲ್ಮೆಟ್ ನೆತ್ತಿಯವರೆಗೆ ಇಳಿಯುವುದೇ ಇಲ್ಲ. ಹೂವನ್ನು ನನ್ನ ಹೆಂಡತಿ ಡಬ್ಬಿಯಲ್ಲಿ ಹಾಕಿ ಒದ್ದೆ ಕರ್ಚೀಫು ಮುಚ್ಚಿಕೊಂಡು ಬರುತ್ತಾಳೆ, ಮದುವೆ ಮನೆ ಬಾಗಿಲಲ್ಲಿ ಮುಡಿಯುತ್ತಾಳೆ. ಸೆರಗು, ದುಪಟ್ಟಾ ಎರಡನ್ನೂ ಸುತ್ತಿ ಸೊಂಟಕ್ಕೆ ಸಿಕ್ಕಿಸಿ. ಚಕ್ರಕ್ಕೆ ಸಿಕ್ಕರೆ ಕತ್ತನ್ನೇ ಎಳೆಯುತ್ತದೆ. ಸ್ಯಾರಿ ಗಾರ್ಡ್ ಚೆನ್ನಾಗಿ ಕಾಣುವುದಿಲ್ಲ ಎಂದು ಬಿಚ್ಚಿಸಿದವರು ದಯವಿಟ್ಟು ಹಾಕಿಸಿಕೊಳ್ಳಿ.

ಮಕ್ಕಳಿಗೆ?

ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೆ 2023ರ ಫೆಬ್ರವರಿ 15ರಿಂದ ಹೊಸ ನಿಯಮ ಇದೆ: ಮಗುವಿನ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್, ಓಡಿಸುವವರ ಮೈಗೆ ಕಟ್ಟಿಕೊಳ್ಳುವ ಸೇಫ್ಟಿ ಹಾರ್ನೆಸ್, ವೇಗ 40ರ ಒಳಗೆ. ದೊಡ್ಡವರ ಹೆಲ್ಮೆಟನ್ನು ಮಗುವಿಗೆ ಹಾಕಬೇಡಿ, ಆ ಭಾರಕ್ಕೆ ಅದರ ಕತ್ತು ತಡೆಯುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಮೇಲೆ ಮಗುವನ್ನು ಕೂರಿಸಿಕೊಳ್ಳುವುದು ಎಷ್ಟು ಮುದ್ದಾಗಿ ಕಂಡರೂ ಬೇಡ. ಜೋರಾಗಿ ಬ್ರೇಕ್ ಹಾಕಿದರೆ ಅದರ ಎದೆ ಹ್ಯಾಂಡಲ್‌ಗೆ, ನಿಮ್ಮ ಮೈಭಾರ ಪೂರ್ತಿ ಅದರ ಬೆನ್ನಿಗೆ.

ದಂಡ ಎಷ್ಟು?

ಕೇಂದ್ರದ ಕಾಯ್ದೆಯಲ್ಲಿ 1,000 ರೂಪಾಯಿ. ಕರ್ನಾಟಕ 2019ರಲ್ಲಿ 500ಕ್ಕೆ ಇಳಿಸಿತು. ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಲೂ ಕಾಯ್ದೆಯಲ್ಲಿ ಅವಕಾಶ ಇದೆ. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ.

ಸಿಟಿಯಲ್ಲಿ ಓಡಾಡಲು ಜಾಕೆಟ್, ಪ್ಯಾಂಟು ಎಲ್ಲ ಬೇಕಾ? ಯಾವುದನ್ನು ಮೊದಲು ತಗೊಳ್ಳಲಿ?

ಎಲ್ಲ ಒಟ್ಟಿಗೆ ಕೊಳ್ಳಬೇಕಿಲ್ಲ. ಹೆಲ್ಮೆಟ್ ಆದ ಮೇಲೆ ಗ್ಲೌಸ್, ಆಮೇಲೆ ಕಾಲು ಮುಚ್ಚುವ ಶೂ, ಆಮೇಲೆ ಜಾಕೆಟ್, ಮಂಡಿ ಗಾರ್ಡ್, ಕೊನೆಗೆ ಪ್ಯಾಂಟು. ಸಂಬಳ ಬಂದ ಹಾಗೆ ಒಂದೊಂದೇ.

ಗ್ಲೌಸ್ ಅಷ್ಟು ಮುಖ್ಯನಾ?

ಬೀಳುವಾಗ ಯಾರೂ ಕೈ ಕಟ್ಟಿಕೊಂಡು ಬೀಳುವುದಿಲ್ಲ, ಕೈ ತಾನಾಗಿ ಮುಂದೆ ಹೋಗುತ್ತದೆ. ಎಂ-ಸ್ಯಾಂಡ್ ಮೇಲೆ ಬಿದ್ದ ದಿನ ನನಗೆ ಗ್ಲೌಸ್ ಇರಲಿಲ್ಲ. ಬಲ ಅಂಗೈ ಬುಡದ ಚರ್ಮ ಎರಡು ರೂಪಾಯಿ ನಾಣ್ಯದಷ್ಟು ಅಗಲ ಸುಲಿದುಹೋಯಿತು, ಒಳಗಿನ ಮರಳನ್ನು ನರ್ಸ್ ಬ್ರಷ್ ಹಾಕಿ ಉಜ್ಜಿ ತೆಗೆದರು. ಮೂರು ವಾರ ಅನ್ನ ಕಲಸಲು ಆಗದೆ ಎಡಗೈಯಲ್ಲಿ ಚಮಚ ಹಿಡಿದು ತಿಂದೆ. ಎರಡನೇ ಸಲ ಬಿದ್ದದ್ದು ಬಾಳೆಹೊನ್ನೂರಿನ ಕಡೆ, ಪಾಚಿ ಕಟ್ಟಿದ ಎಸ್ಟೇಟ್ ರಸ್ತೆಯಲ್ಲಿ. ಆಗ ಗ್ಲೌಸ್ ಇತ್ತು. ಅಂಗೈಯ ಪ್ಲಾಸ್ಟಿಕ್ ಸ್ಲೈಡರ್ (ನೆಲದ ಮೇಲೆ ಜಾರಲೆಂದು ಹಾಕಿರುವ ಗಟ್ಟಿ ತುಂಡು) ಸವೆದಿತ್ತು, ಕೈಗೆ ಏನೂ ಆಗಲಿಲ್ಲ. ಅರ್ಧ ಗಂಟೆಯ ಮೇಲೆ ಅದೇ ಕೈಯಲ್ಲಿ ಬೈಕ್ ಓಡಿಸಿಕೊಂಡು ಹೋದೆ.

ಅಂಗೈಯ ಬುಡದಲ್ಲಿ ಸ್ಲೈಡರ್ ಇರಲಿ, ಗೆಣ್ಣಿನ ಮೇಲೆ ಗಟ್ಟಿ ಕವಚ ಇರಲಿ, ಮಣಿಕಟ್ಟಿಗೆ ಪಟ್ಟಿ ಇರಲಿ. ಪಟ್ಟಿ ಹಾಕಿದ ಮೇಲೆ ಬೆರಳ ತುದಿ ಹಿಡಿದು ಎಳೆದರೆ ಗ್ಲೌಸ್ ಬಿಚ್ಚಿ ಬರಬಾರದು. ಅರ್ಧ ಬೆರಳಿನದ್ದು ಬೇಡ.

ಜಾಕೆಟ್ ಕೊಳ್ಳುವಾಗ ಏನು ನೋಡಬೇಕು?

ಮೊದಲು ಒಳಗೆ ಕೈ ಹಾಕಿ. ಭುಜ, ಮೊಣಕೈ, ಬೆನ್ನಿನ ಜೇಬಿನಲ್ಲಿರುವ ಆರ್ಮರ್ (ಹೊಡೆತ ತಡೆಯುವ ಪ್ಯಾಡ್) ಹೊರಗೆ ತೆಗೆದು ನೋಡಿ. ಅದರ ಮೇಲೆ ಯುರೋಪಿನ ಮಾನದಂಡವಾದ ಇಎನ್ 1621 ಎಂದು, ಲೆವೆಲ್ 1 ಅಥವಾ 2 ಎಂದು ಇರಬೇಕು. ಭುಜದ್ದಕ್ಕೆ ಎಸ್, ಮೊಣಕೈಯದ್ದಕ್ಕೆ ಇ, ಮಂಡಿಯದ್ದಕ್ಕೆ ಕೆ ಎಂಬ ಅಕ್ಷರ ಇರುತ್ತದೆ. ಲೆವೆಲ್ 2 ಹೊಡೆತವನ್ನು ಇನ್ನೂ ಕಡಿಮೆ ಮಾಡಿ ಒಳಗೆ ಬಿಡುತ್ತದೆ. ಎಷ್ಟೋ ಜಾಕೆಟ್‌ಗಳಲ್ಲಿ ಭುಜ ಮೊಣಕೈಗೆ ಒಳ್ಳೆಯದನ್ನೇ ಕೊಟ್ಟು ಬೆನ್ನಿಗೆ ಮಾತ್ರ ಚಪ್ಪಲಿ ಸೋಲಿನ ಹಾಗಿರುವ ಫೋಮ್ ತುಂಡು ತೂರಿಸಿರುತ್ತಾರೆ. ಅದನ್ನು ಎಸೆದು ಬೇರೆ ಬ್ಯಾಕ್ ಪ್ರೊಟೆಕ್ಟರ್ ಕೊಂಡು ಹಾಕಿ.

ಬಟ್ಟೆಗೆ ಇಎನ್ 17092 ಎಂಬ ಯುರೋಪಿನ ಮಾನದಂಡ ಇದೆ. ಅದರಲ್ಲಿ ಎಎಎ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಎಎ, ಆಮೇಲೆ ಎ. ನಮ್ಮ ಸೆಕೆಗೆ ಸಿಗುವ, ಗಾಳಿಯಾಡುವ ಬಲೆಬಟ್ಟೆಯ ಮೆಶ್ ಜಾಕೆಟ್ ಬಹುಪಾಲು ಎ. ಮನೆಯಲ್ಲಿ ನೇತಾಡುವ ಎಎಎಗಿಂತ ಮೈಮೇಲಿರುವ ಎ ಒಳ್ಳೆಯದು. ಫಿಟ್ಟಿಂಗ್ ಇಲ್ಲೂ ಮುಖ್ಯ: ಬೈಕ್ ಮೇಲೆ ಕೂತ ಭಂಗಿಯಲ್ಲಿ ಕೈ ಚಾಚಿ, ಇನ್ನೊಬ್ಬರಿಗೆ ತೋಳು ಎಳೆದು ತಿರುಗಿಸಲು ಹೇಳಿ. ಮೊಣಕೈಯ ಆರ್ಮರ್ ಪಕ್ಕಕ್ಕೆ ಹೋದರೆ ಬಿದ್ದಾಗಲೂ ಹೋಗುತ್ತದೆ. ರೈನಾಕ್ಸ್, ರೈಡಾ, ವಯಾಟೆರಾ, ಸೊಲೇಸ್ ಎಂದು ಈಗ ನಮ್ಮ ದೇಶದ್ದೇ ಒಳ್ಳೆಯ ಕಂಪನಿಗಳಿವೆ.

ನಮ್ಮ ಕಲಬುರಗಿಯ ಬಿಸಿಲಲ್ಲಿ ಜಾಕೆಟ್ ಹಾಕಿದರೆ ಬೇಯುತ್ತೇವೆ.

ನಿಜ, 40 ಡಿಗ್ರಿ ದಾಟಿದ ದಿನ ಮೆಶ್‌ನಲ್ಲಿ ಬರುವ ಗಾಳಿಯೂ ಬಿಸಿಯೇ. ಒಳಗಿನ ಹತ್ತಿ ಬನಿಯನ್ ಒದ್ದೆ ಮಾಡಿ ಹಾಕಿಕೊಂಡು ಮೇಲೆ ಜಾಕೆಟ್ ಹಾಕಿ, ಓಡಿಸುತ್ತಾ ಇದ್ದಷ್ಟು ಹೊತ್ತು ತಂಪಾಗಿರುತ್ತದೆ. ಸಾಧ್ಯವಾದರೆ ಬೆಳಿಗ್ಗೆ ಐದಕ್ಕೆ ಹೊರಟು ಹನ್ನೊಂದರೊಳಗೆ ಊರು ಸೇರಿಕೊಳ್ಳಿ. ಮಳೆಗೆ ಜಾಕೆಟ್ ಒಳಗಿನ ಲೈನರ್‌ಗಿಂತ ಮೇಲೆ ಹಾಕುವ ರೇನ್‌ಕೋಟ್ ಒಳ್ಳೆಯದು. ಲೈನರ್ ಮೈಯನ್ನು ಒಣಗಿಸಿಟ್ಟರೂ ಜಾಕೆಟ್ ನೀರು ಕುಡಿದು ಮಣಭಾರ ಆಗುತ್ತದೆ, ಗಾಳಿಗೆ ಚಳಿ ಹಿಡಿಯುತ್ತದೆ.

ಜೀನ್ಸ್ ಸಾಲದಾ? ಚಪ್ಪಲಿ?

ಸಾದಾ ಜೀನ್ಸ್ ಡಾಂಬರಿಗೆ ಉಜ್ಜಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹರಿಯುತ್ತದೆ. ರೈಡಿಂಗ್ ಜೀನ್ಸ್ ಎಂದು ಗಟ್ಟಿ ನಾರು, ಮಂಡಿ ಆರ್ಮರ್ ಇರುವುದು ಸಿಗುತ್ತದೆ. ಇಲ್ಲವೇ ಪ್ಯಾಂಟಿನ ಮೇಲೆ ಕಟ್ಟುವ ಮಂಡಿ ಗಾರ್ಡ್ ಹಾಕಿ, ಅಗ್ಗ, ಆಫೀಸಿನಲ್ಲಿ ಬಿಚ್ಚಿಡಬಹುದು. ಪಂಚೆ ಉಟ್ಟು ಓಡಿಸುವ ಹಿರಿಯರಿಗೆ ಕನಿಷ್ಠ ಹೆಲ್ಮೆಟ್, ಶೂ ಎರಡನ್ನಾದರೂ ಒಪ್ಪಿಸಿ. ಚಪ್ಪಲಿ ಬೇಡ. ಬೈಕ್ ಕಾಲ ಮೇಲೆ ಬಿದ್ದರೆ ಮೊದಲು ಸಿಗುವುದು ಪಾದದ ಗಂಟು. ಗಂಟು ಮುಚ್ಚುವ ಶೂ ಹಾಕಿ, ಲೇಸ್ ಒಳಗೆ ತೂರಿಸಿ, ಗೇರ್ ಲಿವರ್‌ಗೆ ಸಿಕ್ಕದಿರಲಿ.

ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡಬಹುದಾ?

ಬೇಡ. ಬಿದ್ದಾಗ ಆ ಗಾಜು, ಲೋಹದ ತುಂಡು ನಿಮ್ಮ ಕೆನ್ನೆಗೂ ಹೆಲ್ಮೆಟ್‌ಗೂ ನಡುವೆ ಇರುತ್ತದೆ. ಮ್ಯಾಪ್ ಕೇಳಬೇಕಾದರೆ ಹೊರಗೆ ಅಂಟಿಸುವ ಬ್ಲೂಟೂತ್ ತಗೊಳ್ಳಿ, ಸ್ಪೀಕರನ್ನು ಅದಕ್ಕಿರುವ ಗುಂಡಿಯಲ್ಲೇ ಕೂರಿಸಿ, ಥರ್ಮಾಕೋಲ್ ಕೊರೆಯಬೇಡಿ. ಕರೆ ಬಂದರೆ ಬದಿಗೆ ನಿಲ್ಲಿಸಿ.

ಯಾರಾದರೂ ಬಿದ್ದಿದ್ದರೆ ಅವರ ಹೆಲ್ಮೆಟ್ ತೆಗೆಯಬೇಕಾ?

ಉಸಿರಾಡುತ್ತಿದ್ದರೆ ತೆಗೆಯಬೇಡಿ, 108ಕ್ಕೆ ಫೋನ್ ಮಾಡಿ, ವೈಸರ್ ಎತ್ತಿ, ಕತ್ತು ಅಲುಗದ ಹಾಗೆ ನೋಡಿಕೊಳ್ಳಿ. ನೀರು ಕುಡಿಸಲು ಎಲ್ಲರೂ ಓಡಿ ಬರುತ್ತಾರೆ, ತಡೆಯಿರಿ. ಉಸಿರು ನಿಂತಿದ್ದರೆ, ವಾಂತಿ ಬಂದು ಉಸಿರು ಕಟ್ಟುತ್ತಿದ್ದರೆ ಮಾತ್ರ ಇಬ್ಬರು ಸೇರಿ ತೆಗೆಯಬೇಕು: ಒಬ್ಬರು ಕೆಳಗಿನಿಂದ ಕತ್ತು, ದವಡೆ ಗಟ್ಟಿಯಾಗಿ ಹಿಡಿದಿರಬೇಕು, ಇನ್ನೊಬ್ಬರು ಸ್ಟ್ರಾಪ್ ಕತ್ತರಿಸಿ, ಹೆಲ್ಮೆಟ್ ಅಗಲಿಸಿ ನಿಧಾನಕ್ಕೆ ಎಳೆಯಬೇಕು. ಕೇಸಿಗೆ ಹೆದರಬೇಡಿ, ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ. ಹೆಸರು ಹೇಳಲೇಬೇಕು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ತಗೊಳ್ಳಬಹುದಾ? ಹಳೆಯದನ್ನು ಏನು ಮಾಡಲಿ?

ಜಾಕೆಟ್, ಶೂ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಹೆಲ್ಮೆಟ್ ಬೇಡ. ಅದು ಎಲ್ಲಿ ಬಿದ್ದಿತ್ತೋ ನಿಮಗೆ ಗೊತ್ತಾಗುವುದಿಲ್ಲ. ಹಳೆಯದನ್ನು ಹಾಗೇ ಕಸಕ್ಕೆ ಹಾಕಿದರೆ ಚೆನ್ನಾಗಿದೆಯಲ್ಲ ಎಂದು ಯಾರಾದರೂ ಎತ್ತಿಕೊಂಡು ಹೋಗಿ ಹಾಕಿಕೊಳ್ಳುತ್ತಾರೆ. ಎಂ-ಸ್ಯಾಂಡ್ ಅಂಟಿರುವ ನನ್ನ ಹೆಲ್ಮೆಟ್ ಶೂ ಸ್ಟ್ಯಾಂಡಿನ ಮೇಲೆ ಇದೆ, ಅದರ ಸ್ಟ್ರಾಪ್ ಎರಡನ್ನೂ ಬುಡದಲ್ಲೇ ಕತ್ತರಿಸಿಟ್ಟಿದ್ದೇನೆ. ನೀವೂ ಎಸೆಯುವ ಮೊದಲು ಸ್ಟ್ರಾಪ್ ಕತ್ತರಿಸಿ, ಚಿಪ್ಪಿನ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ "ಬಿದ್ದಿದೆ, ಹಾಕಬೇಡಿ" ಎಂದು ಬರೆಯಿರಿ.